ಆ ಹುಡುಗನಿಗೆ ಕಲಿಸಿದವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಭಯೋತ್ಪಾದಕ ಅಂದ ಕೂಡಲೇ ಗಡಿಯಾಚೆಯಿಂದ ಬಂದವನು ಅಂತ ತಲೆಗೆ ತುಂಬಿದ್ದಾರೆ. ಅಮೆರಿಕದಲ್ಲೂ ಹಾಗೇ.

2015ರ ಜೂನ್ 17ರ ರಾತ್ರಿ ಅಲ್ಲಿನ ಚಾರ್ಲ್ಸ್‌ಟನ್ ಊರಿನ ಇಮ್ಯಾನುಯೆಲ್ ಚರ್ಚಿಗೆ ಡೈಲನ್ ರೂಫ್ ಅನ್ನೋ 21 ವರ್ಷದ ಬಿಳಿ ಹುಡುಗ ಬಂದ. ಕಪ್ಪು ಜನರ ಚರ್ಚು ಅದು. ಬೈಬಲ್ ಓದುತ್ತಿದ್ದವರು ಬಾ ಅಂತ ಜೊತೆಗೆ ಕೂರಿಸಿಕೊಂಡರು. ಸುಮಾರು ಮುಕ್ಕಾಲು ಗಂಟೆ ಕೂತಿದ್ದ. ಪ್ರಾರ್ಥನೆಗೆ ಅವರು ಕಣ್ಣು ಮುಚ್ಚಿದಾಗ ಗುಂಡು ಹೊಡೆದ. ಒಂಬತ್ತು ಜನ ಸತ್ತರು.

ಇವನು ಅದೇ ರಾಜ್ಯದಲ್ಲಿ ಹುಟ್ಟಿದವನು, ಹೈಸ್ಕೂಲು ಅರ್ಧಕ್ಕೇ ಬಿಟ್ಟವನು. ಯಾವ ಗುಂಪೂ ಇವನನ್ನು ಕಳಿಸಿರಲಿಲ್ಲ. ಕಪ್ಪು ಜನ ಬಿಳಿಯರ ಮೇಲೆ ಮಾಡುವ ಅಪರಾಧ ಎಷ್ಟು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದೆ ಅಂತ ಅವನೇ ಬರೆದಿಟ್ಟಿದ್ದಾನೆ. ಮೊದಲು ಸಿಕ್ಕಿದ್ದು ಬಿಳಿಯರೇ ಮೇಲು ಅನ್ನೋರ ಸುಳ್ಳಿನ ಅಂಗಡಿ. ಹುಟ್ಟಿನಿಂದಲೇ ಮೇಲು ಅನ್ನೋ ರೋಗ ನಮಗೇನು ಹೊಸದಾ?

ತಡೆಯೋರು ಇಲ್ಲವೇ? ಇದ್ದಾರೆ. ಆ ದ್ವೇಷದ ಗುಂಪುಗಳನ್ನೇ ಬಿಟ್ಟು ಬಂದವರು 2011ರಲ್ಲಿ ‘ಲೈಫ್ ಆಫ್ಟರ್ ಹೇಟ್’ ಕಟ್ಟಿದರು. ಹೊರಬರಬೇಕು ಅನ್ನೋರ ಕೈ ಹಿಡೀತಾರೆ. 2017ರ ಜನವರಿಯಲ್ಲಿ ಒಬಾಮ ಸರ್ಕಾರ ಅವರಿಗೆ 4 ಲಕ್ಷ ಡಾಲರ್ ಮಂಜೂರು ಮಾಡಿತು. ಜೂನಿನಲ್ಲಿ ಟ್ರಂಪ್ ಸರ್ಕಾರ ಅದನ್ನು ಕಿತ್ತುಕೊಂಡಿತು!

ಇನ್ನೊಂದು ಮಾತು. ರೂಫ್ ಒಂದು ಬಾವುಟ ಹಿಡಿದು ಫೋಟೋ ತೆಗೆಸಿಕೊಂಡಿದ್ದ. ಗುಲಾಮಗಿರಿ ಉಳಿಸಲು ಯುದ್ಧ ಮಾಡಿದವರ ಬಾವುಟ. ಅದು ರಾಜ್ಯದ ಶಾಸನಸಭೆಯ ಅಂಗಳದಲ್ಲೇ ಹಾರಾಡುತ್ತಿತ್ತು. ಹುಡುಗನಿಗೆ ಕಲಿಸಿದ್ದು ಇಂಟರ್ನೆಟ್ ಒಂದೇ ಅಂತ ಹೇಗೆ ಹೇಳ್ತೀರಿ? ಹತ್ಯೆಯಾದ ಹತ್ತನೇ ದಿನ ಬ್ರೀ ನ್ಯೂಸಮ್ ಅನ್ನೋ ಕಪ್ಪು ಹೆಣ್ಣುಮಗಳು ಕಂಬ ಹತ್ತಿ ಅದನ್ನು ಕೆಳಗಿಳಿಸಿದಳು. ಪೊಲೀಸರು ಅವಳನ್ನು ಹಿಡಿದರು, ಬಾವುಟ ಮತ್ತೆ ಏರಿತು. ಜುಲೈ 10ರಂದು ಸರ್ಕಾರವೇ ಇಳಿಸಬೇಕಾಯಿತು.