ಪೇಟೆಗಳ ಊರು, ಸೆಕ್ಟರ್‌ಗಳ ಊರು



ಹಳೇ ಬಾಗಲಕೋಟೆಯ ಓಣಿಗಳ ಹೆಸರು ಕೇಳಿ: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಐದರಲ್ಲಿ ನಾಲ್ಕು ಪೇಟೆಗಳೇ. ಘಟಪ್ರಭೆಯ ದಂಡೆಯ ಈ ಊರನ್ನು ಬೆಳೆಸಿದ್ದು ವ್ಯಾಪಾರ ಎನ್ನಲು ಬೇರೆ ಸಾಕ್ಷಿ ಏಕೆ ಬೇಕು?

ಆಳುವವರು ಬದಲಾಗುತ್ತ ಹೋದರು. ವಿಜಯನಗರ, ಆದಿಲ್‌ಶಾಹಿ, ಸವಣೂರ ನವಾಬರು, ಪೇಶ್ವೆಗಳು, ಹೈದರ್ ಅಲಿ, 1818ರಲ್ಲಿ ಇಂಗ್ಲಿಷರು. ಪೇಶ್ವೆಗಳ ಕಾಲದಲ್ಲಿ ರಾಸ್ತೆ ಮನೆತನದವರ ಟಂಕಸಾಲೆ ಇಲ್ಲಿಯೇ ಇತ್ತು, ಮಲ್ಹಾರಶಾಹಿ ರೂಪಾಯಿ ಅಚ್ಚಾಗುತ್ತಿತ್ತು. ಸಂತೆಯ ಊರೊಂದು ತನ್ನ ನಾಣ್ಯವನ್ನೇ ಅಚ್ಚು ಹಾಕಿತೆಂದರೆ ಅಲ್ಲಿನ ಸಾಹುಕಾರಿಕೆ ಎಷ್ಟಿತ್ತು, ನೀವೇ ಅಂದಾಜಿಸಿ. 1880ರ ದಶಕದಲ್ಲಿ ರೈಲು ಬಂತು. ಅರಳೆ, ಜೋಳ, ಕೈಮಗ್ಗದ ಬಟ್ಟೆ ದೂರದೂರಿಗೆ ಹೊರಟವು.

1964ರ ಮೇ 22ರಂದು, ಕೆಲವೇ ದಿನಗಳಲ್ಲಿ ಪ್ರಧಾನಿಯಾಗಲಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಘಟಪ್ರಭೆ ಕೃಷ್ಣೆಯನ್ನು ಕೂಡುವುದು ಆಲಮಟ್ಟಿಗಿಂತ ಮೇಲೆ. ಹೀಗಾಗಿ ಅಲ್ಲಿ ನೀರು ನಿಂತರೆ ಇಲ್ಲಿ ಹೊಳೆ ಹಿಂದಕ್ಕೆ ಏರುತ್ತದೆ. ಬರಗಾಲದ ಸೀಮೆಗೆ ನೀರು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ನೀರಿಗೆ ಹಳ್ಳಿಗಳ ಜೊತೆ ಈ ಪಟ್ಟಣವೂ ಜಾಗ ಬಿಟ್ಟುಕೊಟ್ಟಿತು.

ಮನೆ ಬಿಟ್ಟವರಿಗಾಗಿ ಎತ್ತರದ ನೆಲದಲ್ಲಿ ನವನಗರ ಎದ್ದಿತು. ಅದರ ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ರಸ್ತೆ ಅಗಲ, ನಿವೇಶನ ವಿಶಾಲ, ವಿಳಾಸಕ್ಕೆ ಸೆಕ್ಟರ್ ನಂಬರು. ಆದರೆ ಪೇಟೆಯ ಮನೆಯೆಂದರೆ ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಮುಖ ನೋಡಿ ಉದ್ರಿ ಕೊಡುವ ವ್ಯವಹಾರ. ಪರಿಹಾರದ ಲೆಕ್ಕದಲ್ಲಿ ಗೋಡೆ, ತೊಲೆ, ಬಾಗಿಲು ಬಂದವು. ಮೂರು ತಲೆಮಾರಿನ ಗಿರಾಕಿ ಬರಲಿಲ್ಲ.

ಹಳೇ ಊರು ಪೂರ್ತಿ ಮುಳುಗಿಲ್ಲ. ಹೋಳಿಯಲ್ಲಿ ಈಗಲೂ ಹಲಗಿ ಬಡಿಯುತ್ತದೆ, ಬಣ್ಣ ತುಂಬಿದ ಬಂಡಿಗಳು ಸರದಿಯಂತೆ ಓಣಿಯಿಂದ ಹೊರಡುತ್ತವೆ. ಮನೆ ಸೆಕ್ಟರ್‌ನಲ್ಲಿದ್ದರೂ ಬಣ್ಣಕ್ಕೆ ಓಣಿಯೇ ಬೇಕು.

ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಿದೆ. ಅಷ್ಟು ನೀರು ನಿಂತರೆ ಉಳಿದ ಓಣಿಗಳಿಗೂ ಹೊಳೆ ಬರುತ್ತದೆ. ಬಾಗಲಕೋಟೆಯ ಹಿರಿಯರೇ, ಯಾವ ಓಣಿಯಲ್ಲಿ ಯಾರ ಅಂಗಡಿ ಇತ್ತು, ಯಾವ ಕಟ್ಟೆಯಲ್ಲಿ ಏನು ಮಾರುತ್ತಿದ್ದರು ಎಂಬುದನ್ನು ಮೊಮ್ಮಕ್ಕಳ ಕೈಯಲ್ಲಿ ಬರೆಸಿಡಿ. ಈ ವಾರವೇ ಶುರು ಮಾಡಿ.