ಎಲೆಯ ಬಣ್ಣ, ಕಾಡಿನ ಆರೋಗ್ಯ



ಬೇಸಿಗೆ ಕಾಲಿಡುತ್ತಿದ್ದಂತೆ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿಯ ಕಾಡು ಬೋಳಾಗುತ್ತದೆ. ಮುಂಗಾರು ಇನ್ನೂ ದೂರವಿರುವಾಗಲೇ ಅದೇ ಕಾಡು ಚಿಗುರತೊಡಗುತ್ತದೆ. ಹಲವು ಮರಗಳ ಆ ಮೊದಲ ಚಿಗುರು ಹಸಿರಲ್ಲ, ಕೆಂಪು. ಹಸಿರು ಕಂಡರೆ ಕಾಡು ಚೆನ್ನಾಗಿದೆ ಎಂದು ನಂಬುವ ಕಣ್ಣಿಗೆ ಇದು ಮೊದಲ ಪಾಠ.

ಕಣ್ಣಿಗೆ ಕಾಣುವ ಬಿಸಿಲು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬಣ್ಣಗಳ ಮಿಶ್ರಣ. ಎಲೆಯಲ್ಲಿರುವ ಪತ್ರಹರಿತ್ತು ಇದರಲ್ಲಿ ನೀಲಿಯನ್ನೂ ಕೆಂಪನ್ನೂ ಹೆಚ್ಚಾಗಿ ಹೀರಿಕೊಂಡು, ಆ ಶಕ್ತಿಯಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುತ್ತದೆ. ಹಸಿರು ಬೆಳಕಿನಲ್ಲಿ ಒಂದು ಪಾಲು ಹೊರಕ್ಕೆ ಮರಳುತ್ತದೆ. ಎಲೆಯ ಹಸಿರೆಂದರೆ ಗಿಡ ಉಂಡು ಬಿಟ್ಟ ಬೆಳಕು. ಪತ್ರಹರಿತ್ತಿನ ಮರೆಯಲ್ಲಿ ಹಳದಿಯ ಕ್ಯಾರೊಟಿನಾಯ್ಡುಗಳೂ ಇರುತ್ತವೆ. ಎಲೆ ಮುಪ್ಪಾದಾಗ ಗಿಡವು ಪತ್ರಹರಿತ್ತನ್ನು ಕಳಚಿ, ಎಲೆಯ ಸಾರಜನಕದ ಬಹುಭಾಗವನ್ನು ಕೊಂಬೆಗೆ ಸೆಳೆದುಕೊಳ್ಳುತ್ತದೆ. ಆಗ ಮರೆಯಲ್ಲಿದ್ದ ಹಳದಿ ಹೊರಬೀಳುತ್ತದೆ. ಎಲೆ ತರಗಾಗಿ ಉದುರುತ್ತದೆ.

ಕೆಂದಳಿರಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಮಾವು, ಅರಳಿ, ಸಾಗಡೆಗಳ ಎಳೆಯ ಎಲೆಯಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ. ಬಿದ್ದ ಬೆಳಕನ್ನೆಲ್ಲ ಬಳಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೆಚ್ಚಾದ ಬೆಳಕಿನ ಪಾಲನ್ನು ಆಂಥೋಸಯನಿನ್ ತಡೆದು ಎಲೆಗೆ ಕೊಡೆಯಾಗುತ್ತದೆ. ಅಂದರೆ ಕೆಂಪಗಿರುವ ಮರವೂ ಆರೋಗ್ಯವಾಗಿಯೇ ಇದೆ.

ಹಸಿರಾಗಿರುವುದೆಲ್ಲ ಆರೋಗ್ಯವೇ? ಎಲೆಯುದುರಿಸಿ ನಿಂತ ನೆಲ್ಲಿಯ ಮರದಲ್ಲಿ ಅಲ್ಲಲ್ಲಿ ಹಸಿರು ಗೊಂಚಲು ಕಂಡರೆ ಅದು ಬಹುಮಟ್ಟಿಗೆ ಬಂದಳಿಕೆ. ಅದಕ್ಕೂ ಪತ್ರಹರಿತ್ತು ಇದೆ, ತನ್ನ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣಗಳನ್ನು ಮಾತ್ರ ನೆಲ್ಲಿಯಿಂದ ಹೀರುತ್ತದೆ. ಕೊಂಬೆಯ ಮೇಲೆ ಹಸಿರು ಹೆಚ್ಚಿದಂತೆ ಮರ ಸೊರಗುತ್ತದೆ.

ಮರದ ಬುಡದಲ್ಲಿರುವ ಹಸಿರು ಇನ್ನೂ ದೊಡ್ಡ ಪ್ರಶ್ನೆ. ಅಮೆರಿಕ ಖಂಡದಿಂದ ಬಂದ ಲಂಟಾನ ಈ ಬೆಟ್ಟದ ನೆಲವನ್ನು ಆವರಿಸಿದೆ. 1997 ಮತ್ತು 2008ರ ಸಮೀಕ್ಷೆಗಳನ್ನು ಹೋಲಿಸಿದಾಗ, ಲಂಟಾನ ಕಂಡುಬಂದ ತಾಣಗಳು ಸುಮಾರು ಎರಡರಷ್ಟಾಗಿದ್ದವು. ಅದರ ದಟ್ಟ ಪೊದೆ ಕೆಂಪು ಬೆಳಕನ್ನು ಹೀರಿ, ಎಲೆಗೆ ಬೇಡವಾದ, 730 ನ್ಯಾನೋಮೀಟರ್ ಆಸುಪಾಸಿನ ದೂರಗೆಂಪು ಬೆಳಕನ್ನು ಕೆಳಕ್ಕೆ ಬಿಡುತ್ತದೆ. ಸಸ್ಯಗಳಲ್ಲಿರುವ ಫೈಟೋಕ್ರೋಮ್ ಎಂಬ ಇನ್ನೊಂದು ವರ್ಣದ್ರವ್ಯ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಬೆಳಕು ಬೇಡುವ ಬೀಜಗಳು ತಮ್ಮ ಮೇಲೆ ನೆರಳಿದೆಯೆಂದು ತಿಳಿದು ಮೊಳೆಯದೆ ಉಳಿಯುತ್ತವೆ; ಮೊಳೆತ ಸಸಿಗಳಿಗೂ ಸಾಕಷ್ಟು ಬೆಳಕು ದಕ್ಕುವುದಿಲ್ಲ. ಹಳೆಯ ಮರಗಳು ನಿಂತಿರುತ್ತವೆ, ಅವುಗಳ ಮಕ್ಕಳಿರುವುದಿಲ್ಲ.

ಇದು ಆಕಾಶದಿಂದ ಕಾಣುವುದು ಕಷ್ಟ. ಉಪಗ್ರಹವು ಎಲೆಗಳು ಹೀರಿದ ಕೆಂಪು ಬೆಳಕನ್ನೂ ಮರಳಿಸಿದ ಅವಕೆಂಪು ಕಿರಣವನ್ನೂ ಹೋಲಿಸಿ ಹಸಿರನ್ನು ಅಳೆಯುತ್ತದೆ. ಆ ಅಳತೆಗೆ ನೆಲ್ಲಿಯ ಹಸಿರೂ ಬಂದಳಿಕೆಯ ಹಸಿರೂ ಒಂದೇ. ಒಂದು ಹೆಕ್ಟೇರಿಗಿಂತ ದೊಡ್ಡದಾಗಿದ್ದು, ಶೇಕಡ 10ಕ್ಕಿಂತ ಹೆಚ್ಚು ಮರದ ನೆರಳಿರುವ ನೆಲವನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಅರಣ್ಯ ಹೊದಿಕೆಯೆಂದು ಎಣಿಸುತ್ತದೆ. ಮರ ಯಾವ ಜಾತಿಯದೆಂದು ಕೇಳುವುದಿಲ್ಲ, ಅದರ ಕೆಳಗೆ ಸಸಿ ಇದೆಯೇ ಎಂದೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ನೆಲದ ಮೇಲೆ ನಡೆಯುವವರೇ ಕೇಳಬೇಕು. ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನವೂ ಬಂದಳಿಕೆಯೂ ಹೆಚ್ಚಿದವೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಬೆಟ್ಟ ಹುಲಿ ಮೀಸಲು ಪ್ರದೇಶವಾದದ್ದೂ ಅದೇ ವರ್ಷ. ಗ್ರಾಮಸಭೆಗಳೂ ಅರಣ್ಯ ಇಲಾಖೆಯೂ ಪ್ರತಿ ವರ್ಷ ಗೊತ್ತಾದ ಕೆಲವು ತಾಣಗಳಲ್ಲಿ ನೆಲ್ಲಿಯ ಸಸಿಗಳನ್ನೂ ಬಂದಳಿಕೆ ಹಿಡಿದ ಮರಗಳನ್ನೂ ಜೊತೆಯಾಗಿ ಎಣಿಸಲಿ. ಹಸಿರು ಎಷ್ಟಿದೆ ಎಂಬುದನ್ನು ಉಪಗ್ರಹ ಹೇಳುತ್ತದೆ. ಅದು ಯಾರ ಹಸಿರು ಎಂಬುದನ್ನು ಈ ಎಣಿಕೆ ಹೇಳುತ್ತದೆ.