ಲೋಹದ ಹೊರಬಾಗಿಲಲ್ಲಿ ಅನುವಾದಕ



ಮಾಸ್ಕೋದ ಮೆಟ್ರೋದಲ್ಲಿ ಇಳಿದವರು ಮೊದಲು ಹುಡುಕುವ ಫಲಕ ‘ವೀಖದ್’. ಹೊರಹೋಗುವ ದಾರಿ ಎಂದು ಅರ್ಥ. ಅಲ್ಲಿನ ಭೌತವಿಜ್ಞಾನದ ಪಠ್ಯ ತೆರೆದರೂ ಅದೇ ಪದ ಎದುರಾಗುತ್ತದೆ. ಇಂಗ್ಲಿಷಿನ ‘ವರ್ಕ್ ಫಂಕ್ಷನ್’ ರಷ್ಯನ್ನಿನಲ್ಲಿ ‘ರಬೋತ ವೀಖದ’, ಅಂದರೆ ಹೊರಬೀಳಲು ಮಾಡಬೇಕಾದ ಕೆಲಸ. ಲೋಹದೊಳಗಿನ ಎಲೆಕ್ಟ್ರಾನು ಹೊಸ್ತಿಲು ದಾಟಬೇಕಾದರೆ ಇಷ್ಟು ಶಕ್ತಿ ತೆರಲೇಬೇಕು: ಸತುವಿನಲ್ಲಿ ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್, ಸೀಸಿಯಮ್ಮಿನಲ್ಲಿ ಸುಮಾರು 2.1. ಜರ್ಮನ್ ಪದವೂ ಇದೇ ಎರಕದ್ದು. ಇಂಗ್ಲಿಷಿನ ‘ಫಂಕ್ಷನ್’ ನೋಡಿ ಗಣಿತದ ಫಂಕ್ಷನ್ನನ್ನು ರಷ್ಯನ್ನಿಗೆ ಹೊತ್ತೊಯ್ದರೆ ಅಲ್ಲಿಯ ಹೈಸ್ಕೂಲು ಹುಡುಗನೂ ತಬ್ಬಿಬ್ಬಾಗುತ್ತಾನೆ. ಹಿಂದಿ ಪಠ್ಯಗಳು ಆ ದಾರಿಯನ್ನೇ ಹಿಡಿದು ‘ಕಾರ್ಯ ಫಲನ’ ಎಂದಿವೆ. ಆ ಹೆಸರು ಕೇಳಿ ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೊರಟಿದೆಯೆಂದು ಯಾರಾದರೂ ಊಹಿಸಿಯಾರೇ?

ಪದ ಏನು ಹೇಳುತ್ತದೆ ಎಂದು ಕೇಳುವ ಮೊದಲು ಉಪಕರಣದಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ನನ್ನ ತಕರಾರು ಇಷ್ಟೇ.

ಹಾಗೆಂದು ರಷ್ಯನ್ನೇ ಸದಾ ಸ್ಪಷ್ಟ ಎಂದುಕೊಳ್ಳಬೇಡಿ. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನು ಹೊರಬೀಳುವುದುಂಟು. ಆದರೆ ಒಂದು ಮಿತಿಗಿಂತ ಉದ್ದದ ತರಂಗದ ಬೆಳಕು ಎಷ್ಟೇ ಪ್ರಖರವಾಗಿ ಬಿದ್ದರೂ ಎಲೆಕ್ಟ್ರಾನು ಕದಲುವುದಿಲ್ಲ. ಇಂಗ್ಲಿಷಿನವರು ಆ ಮಿತಿಯನ್ನು ಹೊಸ್ತಿಲು ಎಂದರು. ರಷ್ಯನ್ನಿನಲ್ಲೂ ಹೊಸ್ತಿಲಿಗೆ ‘ಪರೋಗ್’ ಎಂಬ ಪದವಿದೆ. ಆದರೆ ಪಠ್ಯಗಳಲ್ಲಿ ಬೇರೂರಿದ್ದು ‘ಕ್ರಾಸ್ನಯ ಗ್ರನೀತ್ಸ’, ಕೆಂಪು ಗಡಿ. ಉದ್ದ ತರಂಗಗಳ ಕಡೆ ಕೆಂಪು ಬಣ್ಣ ಇರುವುದರಿಂದ ಬಂದ ಹೆಸರು. ತಮಾಷೆಯೆಂದರೆ ಸತುವಿನ ಕೆಂಪು ಗಡಿ ಸುಮಾರು 290 ನ್ಯಾನೋಮೀಟರಿನಲ್ಲಿದೆ. ಅದು ಅಪ್ಪಟ ನೇರಳಾತೀತ, ಕಣ್ಣಿಗೇ ಕಾಣದ್ದು! ಸೀಸಿಯಮ್ಮಿನದು ಹಳದಿಯ ಆಸುಪಾಸು. ಇಂಗ್ಲಿಷಿನಿಂದ ಬರುವ ಅನುವಾದಕ ಇಲ್ಲಿ ಮೂಲದಲ್ಲಿಲ್ಲದ ಬಣ್ಣವನ್ನು ಧೈರ್ಯವಾಗಿ ಬಳಿಯಬೇಕು. ರಷ್ಯನ್ನಿನಿಂದ ಇಂಗ್ಲಿಷಿಗೆ ಹೋಗುವವನು ಅದನ್ನು ಒರೆಸಬೇಕು.

ಇನ್ನು ‘ಸ್ಟಾಪಿಂಗ್ ಪೊಟೆನ್ಷಿಯಲ್’. ಇದರ ಬಳಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಬೆಳಕಿನಿಂದ ಹೊರಬಿದ್ದ ಎಲೆಕ್ಟ್ರಾನುಗಳಿಗೆ ಎದುರಾಗಿ ಹಿಮ್ಮುಖ ವೋಲ್ಟೇಜನ್ನು ಮೆಲ್ಲನೆ ಏರಿಸಿದರೆ ಮೊದಲು ಮಂದಗತಿಯ ಎಲೆಕ್ಟ್ರಾನುಗಳು ಮರಳುತ್ತವೆ, ಆಮೇಲೆ ಚುರುಕಾದವು. ಕೊನೆಗೆ ವಿದ್ಯುತ್ ಪ್ರವಾಹ ಸೊನ್ನೆ. ರಷ್ಯನ್ನಿನಲ್ಲಿ ಎರಡು ಪದಗಳು ಓಡಾಡುತ್ತವೆ. ಒಂದರ ಬೇರು ತಡೆದು ಹಿಡಿಯುವುದು, ಇನ್ನೊಂದರ ಬೇರು ಬಾಗಿಲಿಗೆ ಬೀಗ ಜಡಿಯುವುದು. ತಡೆಯುವ ಕೆಲಸ ಮೊದಲ ವೋಲ್ಟಿನಿಂದಲೇ ಶುರುವಾಗುತ್ತದೆ, ಬೀಗ ಬೀಳುವುದು ಒಂದೇ ಬಿಂದುವಿನಲ್ಲಿ. ನನ್ನನ್ನು ಕೇಳಿದರೆ ಬೀಗವೇ ಸರಿ. ಆದರೆ ಆ ಕೊನೆಯ ಬಿಂದುವಿಗೂ ‘ತಡೆಯುವ’ ಎಂದೇ ಬರೆಯುವ ಪಠ್ಯಗಳಿವೆ. ಹಾಗಾಗಿ ನಿಮ್ಮ ಓದುಗ ಯಾವ ಪುಸ್ತಕದಲ್ಲಿ ಕಲಿತವನು ಎಂದು ತಿಳಿಯದೆ ಪೆನ್ನು ಎತ್ತಬೇಡಿ.

ಬೆಳಕು ಎಲೆಕ್ಟ್ರಾನನ್ನು ಬಿಡಿಸುವ ಈ ಇಡೀ ವಿದ್ಯಮಾನದ ಹೆಸರು, ‘ಫೋಟೋಎಲೆಕ್ಟ್ರಿಕ್ ಎಫೆಕ್ಟ್’, ರಷ್ಯನ್ನಿನಲ್ಲಿ ಸಾಮಾನ್ಯವಾಗಿ ‘ಫೊತೊಎಫೆಕ್ತ್’ ಎಂದು ಮೊಟಕಾಗುತ್ತದೆ, ವಿದ್ಯುತ್ತೇ ಉದುರಿಹೋಗುತ್ತದೆ. ಆದರೆ ಆ ಪದ ತನ್ನ ಹಿಂದೆ ಒಂದು ವಿಶೇಷಣ ಕೇಳುತ್ತದೆ: ಬಾಹ್ಯವೋ ಆಂತರಿಕವೋ? ಎಲೆಕ್ಟ್ರಾನು ಮನೆಬಿಟ್ಟು ಓಡಿದರೆ ಬಾಹ್ಯ. ಅರೆವಾಹಕದೊಳಗೇ ಬಿಡುಗಡೆಗೊಂಡು ಅಲ್ಲೇ ಅಲೆದಾಡಿದರೆ ಆಂತರಿಕ. ಇಂಗ್ಲಿಷ್ ಲೇಖಕ ಇದನ್ನು ಹೇಳದೆ ಬಿಟ್ಟಿರಬಹುದು. ಅನುವಾದಕ ಬಿಡುವಂತಿಲ್ಲ.

ಹೆಸರುಗಳ ಹಿಂದೆ ಊರಿನ ಅಭಿಮಾನವೂ ಇರುತ್ತದೆ. 1887ರಲ್ಲಿ ಜರ್ಮನ್ ವಿಜ್ಞಾನಿ ಹರ್ಟ್ಸ್ ಕಂಡ ಈ ವಿದ್ಯಮಾನವನ್ನು ಮಾಸ್ಕೋ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಸ್ತಲೇತೊವ್ 1888ರಿಂದ 1890ರವರೆಗೆ ಲೋಹದ ತಟ್ಟೆ, ಜಾಲರಿ, ಆರ್ಕ್ ದೀಪಗಳನ್ನಿಟ್ಟುಕೊಂಡು ಅಳೆದ. ಆತ ಬಳಸಿದ ಹೆಸರು ‘ಆಕ್ಟಿನೋಎಲೆಕ್ಟ್ರಿಕ್’; ಅದು ಉಳಿಯಲಿಲ್ಲ. ಪ್ರವಾಹ ಬೆಳಕಿನ ತೀವ್ರತೆಗೆ ಅನುಪಾತದಲ್ಲಿರುತ್ತದೆ ಎಂಬ ನಿಯಮ ಮಾತ್ರ ರಷ್ಯನ್ ಪಠ್ಯಗಳಲ್ಲಿ ಇಂದಿಗೂ ಸ್ತಲೇತೊವ್ ನಿಯಮ. ಇಂಗ್ಲಿಷ್ ಮೂಲದಲ್ಲಿ ಆ ಹೆಸರಿಲ್ಲದಿದ್ದರೆ ಅನುವಾದಕ ಸೇರಿಸಬೇಕೇ? ಅಡಿಟಿಪ್ಪಣಿಯಲ್ಲಿ ಸೇರಿಸಲಿ, ವಾಕ್ಯದೊಳಗೆ ಬೇಡ ಎನ್ನುವವನು ನಾನು.

ಈ ಪೇಚಾಟ ಹೊಸದಲ್ಲ. 1746ರಲ್ಲಿ ಜರ್ಮನ್ ತತ್ತ್ವಜ್ಞಾನಿ ವೋಲ್ಫನ ಪ್ರಾಯೋಗಿಕ ಭೌತವಿಜ್ಞಾನವನ್ನು ಲ್ಯಾಟಿನ್ನಿನಿಂದ ರಷ್ಯನ್ನಿಗೆ ತಂದ ರಷ್ಯನ್ ವಿಜ್ಞಾನಿ ಲಮನೋಸೊವ್, ಉಪಕರಣಗಳಿಗೂ ಕ್ರಿಯೆಗಳಿಗೂ ಪದ ಹುಡುಕಬೇಕಾಯಿತೆಂದು ಮುನ್ನುಡಿಯಲ್ಲೇ ಹೇಳಿಕೊಂಡಿದ್ದ.

ಈಗ ಮೊದಲ ಗೋಷ್ಠಿಯವರಿಗೆ ಒಂದು ವಾಕ್ಯ ಕೊಟ್ಟು ಕೂರುತ್ತೇನೆ. ಬಿದ್ದ ಫೋಟಾನುಗಳಿಗೆ ಎಷ್ಟು ಎಲೆಕ್ಟ್ರಾನು ಹೊರಬಿದ್ದವು ಎಂಬ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ‘ಕ್ವಾಂಟಂ ಯೀಲ್ಡ್’ ಎನ್ನುತ್ತಾರೆ. ರಷ್ಯನ್ನಿನಲ್ಲಿ ಅದು ‘ಕ್ವಾಂತವಿ ವೀಖದ್’. ಹೌದು, ಅದೇ ಮೆಟ್ರೋ ಫಲಕದ ಪದ. ಇಲ್ಲಿ ಅದಕ್ಕೆ ಇಳುವರಿ ಎಂಬ ಅರ್ಥ. ‘ಈ ಲೇಪನದಿಂದ ವರ್ಕ್ ಫಂಕ್ಷನ್ ತಗ್ಗಿತು, ಕ್ವಾಂಟಂ ಯೀಲ್ಡ್ ಹೆಚ್ಚಿತು’ ಎಂಬುದನ್ನು ರಷ್ಯನ್ನಿಗೆ ತನ್ನಿ. ಒಂದೇ ಸಾಲಿನಲ್ಲಿ ಒಂದು ವೀಖದ್ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಓದುಗ ಎಡವದಂತೆ ಅದನ್ನು ಬರೆಯುವುದು ಹೇಗೆ, ಚಹಾಕ್ಕೆ ಏಳುವ ಮೊದಲು ತೋರಿಸಿ.